ಪಂಚಮಿಗೆ ಕರೆಯಲು ಹೋದ ಆಯಿ

ಆಯಿಯ ಒಂದು ಪಟವೂ ನಮ್ಮಲ್ಲಿಲ್ಲ. ಆಯಿ ಎಂದರೆ ನನ್ನ ತಾಯಿಯ ತಾಯಿ. ಕಲಬುರಗಿಯ ಕಡೆ ಅಜ್ಜಿಯನ್ನು ಕರೆಯುವುದೇ ಹಾಗೆ. ಮೊನ್ನೆ ಸೂಟಿಗೆ ಬಂದ ಮೊಮ್ಮಕ್ಕಳು ಹೊತ್ತು ಹೋಗದೆ ಒಬ್ಬರನ್ನೊಬ್ಬರು ಚಿವುಟುತ್ತ ಕುಳಿತಿದ್ದಾಗ, ನಾನು ನಾಲ್ಕು ಒಣ ಜೋಳದ ದಂಟು ತರಿಸಿ ಬಂಡಿ ಮಾಡಲು ಕುಳಿತೆ. ಎಷ್ಟೋ ವರ್ಷಗಳಿಂದ ದಂಟು ಮುಟ್ಟಿರಲಿಲ್ಲ. ಆದರೂ ಬೆರಳುಗಳು ನನ್ನನ್ನು ಕೇಳದೆಯೇ ಸಿಪ್ಪೆ ಸುಲಿದವು, ಒಳಗಿನ ಬೆಂಡು ಕತ್ತರಿಸಿದವು, ಸಿಪ್ಪೆಯ ಸೀಳನ್ನೇ ಮೊಳೆ ಮಾಡಿ ಗಾಲಿ ಚುಚ್ಚಿದವು. ಕಿರಿಯ ಮೊಮ್ಮಗಳು ನನ್ನ ಕೈಯನ್ನೇ ನೋಡುತ್ತ, "ಇದ್ನ ನಿನಗ ಯಾರು ಕಲಿಸ್ಯಾರ? ಅವರು ಹ್ಯಾಂಗಿದ್ರು?" ಎಂದು ಕೇಳಿದಳು. ತೋರಿಸಲು ಏನೂ ಇರಲಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಆಯಿ ಎತ್ತರದ ಹೆಂಗಸು. ಕುಳಿತು ಹೊಲಿದು ಹೊಲಿದು ಬೆನ್ನು ಬಾಗಿದ್ದರಿಂದ ಆ ಎತ್ತರ ಗೊತ್ತಾಗುತ್ತಿದ್ದುದು ಅವಳು ಮಲಗಿದಾಗ ಮಾತ್ರ. ಬಲಗೈಯ ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ನಗು ಬಂದರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವಳು. ಅಳು ಬಂದರೂ ಅಷ್ಟೇ. ಆದ್ದರಿಂದ ದೂರದಿಂದ ನೋಡಿದವರಿಗೆ ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯುತ್ತಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು, ಅವಳೇ ನನ್ನ ಅವ್ವ.

ಆಯಿ ಇದ್ದದ್ದು ಬ್ರಹ್ಮಪುರದ ಒಂದು ಓಣಿಯಲ್ಲಿ, ಮೈದುನನ ಮನೆಯಲ್ಲಿ. ಮನೆ ತುಂಬ ಜನ. ಆಯಿಗೆ ಪಡಸಾಲೆಯ ಪಕ್ಕದ ಒಂದು ಕೋಣೆ. ಅಲ್ಲಿ ಕುಳಿತು ಓಣಿಯವರಿಗೆಲ್ಲ ಕೌದಿ ಹೊಲಿದುಕೊಡುತ್ತಿದ್ದಳು. ಹಳೆಯ ಸೀರೆ, ಧೋತರಗಳನ್ನು ಪದರದ ಮೇಲೆ ಪದರ ಇಟ್ಟು, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ ಹೊಲಿದ ದಪ್ಪನೆಯ ಹೊದಿಕೆಯೇ ಕೌದಿ. ಯಾರ ಮನೆಯ ಬಟ್ಟೆ ಬಂದರೂ ಆಯಿ ಮೊದಲು ಅದನ್ನು ಮೂಗಿಗೆ ಹಿಡಿಯುವಳು. "ಇದು ಬಾಣಂತಿ ಸೀರಿ," "ಇದು ಮುದುಕನ ಧೋತ್ರ" ಎಂದು ಹೇಳುವಳು. ಸತ್ತವರ ಬಟ್ಟೆ ಇದ್ದರೆ ಏನೂ ಹೇಳದೆ ಕೌದಿಯ ನಡುವಿಗೆ ಇಡುತ್ತಿದ್ದಳು, ಬೆಚ್ಚಗಿರಲಿ ಎಂದು. ಬೆಚ್ಚಗಿರಬೇಕಾದದ್ದು ಹೊದ್ದವರೋ ಸತ್ತವರೋ ಎಂದು ನಾನು ಕೇಳಲಿಲ್ಲ.

ಅದು ನಿಜಾಮರ ಕಾಲ. ಕಚೇರಿಯ ಬರಹವೆಲ್ಲ ಉರ್ದು. ಆಯಿಯ ಮೈದುನ ಕಚೇರಿಯಲ್ಲಿ ಗುಮಾಸ್ತ; ಸಂಜೆ ಬರುವಾಗ ರದ್ದಿ ಕಾಗದ ತರುತ್ತಿದ್ದ. ಆಯಿಗೆ ಓದು ಬರದು. ಆ ಕಾಗದ ಮಡಿಚಿ ಗಿಳಿ, ಗುಬ್ಬಿ ಮಾಡಿ ದಾರಕ್ಕೆ ಕಟ್ಟಿ ಕಿಟಕಿಗೆ ತೂಗುಬಿಡುತ್ತಿದ್ದಳು. ಗಾಳಿ ಬಂದರೆ ರೆಕ್ಕೆಯ ಮೇಲೆ ಯಾರದೋ ಫಿರ್ಯಾದು, ಯಾರದೋ ಅರ್ಜಿ ಅಲ್ಲಾಡುತ್ತಿತ್ತು.

ನನ್ನ ಅವ್ವನನ್ನು ಕೊಟ್ಟದ್ದು ಕಮಲಾಪುರಕ್ಕೆ. ಚಕ್ಕಡಿಯಲ್ಲಿ ಬೆಳಿಗ್ಗೆ ಹೊರಟರೆ ಸಂಜೆಗೆ ಮುಟ್ಟುವ ಊರು. ಅಪ್ಪನದು ಕಾಳಿನ ವ್ಯಾಪಾರ, ಜೊತೆಗೆ ಕೆಂಪು ನೆಲದಲ್ಲಿ ಒಂದಿಷ್ಟು ಬಾಳೆ. ಪ್ರತಿ ವರ್ಷ ನಾಗರ ಪಂಚಮಿಗೆ ಕಲಬುರಗಿಯಿಂದ ಯಾರಾದರೂ ಚಕ್ಕಡಿ ಕಟ್ಟಿಕೊಂಡು ಬಂದು ಅವ್ವನನ್ನೂ ನಮ್ಮನ್ನೂ ಕರೆದೊಯ್ಯುವರು. ನಮ್ಮ ಕಡೆ ಮದುವೆಯಾದ ಹೆಣ್ಣುಮಕ್ಕಳಿಗೆ ಪಂಚಮಿಯೇ ದೊಡ್ಡ ಹಬ್ಬ. ತವರಿನವರು ಬಂದು ಕರೆಯಬೇಕು, ಕರೆಯದೆ ಹೋಗುವಂತಿಲ್ಲ. ಶ್ರಾವಣ ಹತ್ತಿರ ಬಂತೆಂದರೆ ಅವ್ವ ಕೆಲಸದ ನಡುವೆ ಹತ್ತು ಸಲ ಬಾಗಿಲ ಕಡೆ ನೋಡುತ್ತಿದ್ದಳು.

ನನಗೆ ಆರೋ ಏಳೋ ವರ್ಷ, ತಮ್ಮ ಸಿದ್ದುವಿಗೆ ನಾಲ್ಕು ಇರುವಾಗ ಅವ್ವ ಜ್ವರ ಬಂದು ತೀರಿಕೊಂಡಳು. ಬಾಳೆಯ ಹೊಲದ ಬದುವಿನಲ್ಲೇ ಮಣ್ಣು ಮಾಡಿದರು. ಅಂದಿನಿಂದ ಸಿದ್ದು ಮಾತು ಬಿಟ್ಟ. ಹಸಿವಾದರೆ ತಾಟು ಮುಂದೆ ಸರಿಸುತ್ತಿದ್ದ, ಅಷ್ಟೇ.

ಆ ವರ್ಷದ ಪಂಚಮಿಗೆ ಕರೆಯಲು ಯಾರೂ ಬರಲಿಲ್ಲ. ಕರೆಸಿಕೊಳ್ಳಬೇಕಾದವಳೇ ಇರಲಿಲ್ಲವಲ್ಲ. ಅಪ್ಪನೇ ನಮ್ಮಿಬ್ಬರನ್ನು ತಂದು ಬ್ರಹ್ಮಪುರದಲ್ಲಿ ಬಿಟ್ಟುಹೋದ. ಮನೆಯ ಹೆಂಗಸರೆಲ್ಲ ನಮ್ಮನ್ನು ತಬ್ಬಿಕೊಂಡು ಅತ್ತರು. ಆಯಿ ಮಾತ್ರ ಅಳಲಿಲ್ಲ. ಕಣಿಕೆಯ ಬಣವೆಯಿಂದ ಒಂದು ಹಿಡಿ ದಂಟು ಹಿರಿದು ತಂದು, "ಬರ್ರಿ, ಎತ್ತ ಮಾಡೂಣು," ಎಂದು ಕುಳಿತಳು.

ಆಯಿಯ ಕಲಿಸುವ ರೀತಿಯೇ ಬೇರೆ. ಹೀಗೆ ಮಾಡು ಎನ್ನುತ್ತಿರಲಿಲ್ಲ. ತಾನು ನಿಧಾನಕ್ಕೆ ಮಾಡುವಳು. ಎಲ್ಲೋ ಒಂದು ಕಡೆ ಬೇಕೆಂದೇ ಬಿಟ್ಟುಬಿಡುವಳು. ಅಂದು ಬೆಂಡಿನ ಮೈಗೆ ನಾಲ್ಕು ಕಾಲು ಚುಚ್ಚಿದಳು, ಬಾಲ ಚುಚ್ಚಿದಳು, ನೆಲದ ಮೇಲೆ ನಿಲ್ಲಿಸಿ ಸುಮ್ಮನಾದಳು. ಸಿದ್ದು ಅದನ್ನು ಬಹಳ ಹೊತ್ತು ನೋಡಿದ. ಕೈಗೆತ್ತಿಕೊಂಡು ತಿರುಗಿಸಿದ. ಕೆಳಗಿಟ್ಟ. ಕೊನೆಗೆ, "ಕೋಡ ಎಲ್ಲಿ?" ಎಂದ.

ಎಷ್ಟೋ ತಿಂಗಳ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಅದು. ಬಾಗಿಲಲ್ಲಿದ್ದ ಚಿಕ್ಕಾಯಿ, ಆಯಿಯ ಮೈದುನನ ಹೆಂಡತಿ, "ಅಯ್ಯ ಶಿವನೇ!" ಎಂದು ಕೂಗಲು ಹೊರಟಳು; ಆಯಿ ಅವಳನ್ನು ಕಣ್ಣಿನಲ್ಲೇ ತಡೆದಳು. ಏನೂ ಆಗಿಲ್ಲವೆಂಬಂತೆ ಒಂದು ಸಿಪ್ಪೆಯ ಸೀಳನ್ನು ಅವನ ಕೈಗೆ ಕೊಟ್ಟು, "ನೀನ ಹಚ್ಚಪಾ. ನನಗ ಕೋಡ ಮಾಡಾಕ ಬರಂಗಿಲ್ಲ," ಎಂದಳು.

ಮುಂದಿನ ದಿನಗಳಲ್ಲಿ ನಾವು ಏನೇನು ಮಾಡಲಿಲ್ಲ! ಕಮಲಾಪುರದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕೆಂಪು ಮಣ್ಣನ್ನು ಕಲಬುರಗಿಯ ಕಪ್ಪು ಮಣ್ಣಿಗೆ ಕಲಸಿ ನಾಗಪ್ಪನನ್ನು ಮಾಡಿದೆವು; ಹೆಡೆ ಕೆಂಪು, ಮೈ ಕಪ್ಪು. ಹುಣಸೆ ಬೀಜ ಒತ್ತಿ ಕಣ್ಣು ಮಾಡಿದೆವು. ಕೌದಿಯಿಂದ ಉಳಿದ ಚಿಂದಿ ಸುತ್ತಿ ಗೊಂಬೆ ಮಾಡಿದೆವು. ಕೈಗೆ ಕೆಲಸ ಇರುವಷ್ಟು ಹೊತ್ತು ಅವ್ವ ಸತ್ತದ್ದು ನೆನಪಿಗೆ ಬರುತ್ತಿರಲಿಲ್ಲ. ಕೆಲಸ ಮುಗಿದ ಕೂಡಲೇ ಬರುತ್ತಿತ್ತು. ಆಯಿ ಅದನ್ನು ಬಲ್ಲಳು. ಒಂದು ಮುಗಿಯುವ ಮುನ್ನವೇ ಇನ್ನೊಂದಕ್ಕೆ ಮಣ್ಣು ನೆನೆಹಾಕಿರುತ್ತಿದ್ದಳು.

ಆ ವರ್ಷ ಕಳೆಯುವುದರೊಳಗೆ ಅಪ್ಪ ಮತ್ತೊಂದು ಮದುವೆಯಾದ. ಬಂದವಳು ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು, ಇನ್ನೂ ಹುಡುಗಿ. ಅವಳನ್ನು ನಾವು ಸಣ್ಣವ್ವ ಎಂದು ಕರೆಯಬೇಕೆಂದು ಹೇಳಿದರು. ಅವಳ ಕೊರಳಲ್ಲಿ ತಾಳಿಯ ಜೊತೆಗೆ ಒಂದು ಸಣ್ಣ ಬೆಳ್ಳಿಯ ಬಿಲ್ಲೆ ಕಟ್ಟಿದ್ದರು. ಅದು ನನ್ನ ಅವ್ವನ ಗುರುತು. ಸತ್ತ ಮೊದಲ ಹೆಂಡತಿ ಎರಡನೆಯವಳನ್ನು ಕಾಡದಿರಲೆಂದು ಹಾಗೆ ಕಟ್ಟುವ ಪದ್ಧತಿ ಇತ್ತು. ಸಣ್ಣವ್ವ ಬಾಗಿದಾಗಲೆಲ್ಲ ಆ ಬಿಲ್ಲೆ ತಾಳಿಗೆ ತಾಗಿ ಕಿಣಿ ಎನ್ನುತ್ತಿತ್ತು, ಸಣ್ಣವ್ವ ಬೆಚ್ಚುತ್ತಿದ್ದಳು.

ಅವಳು ನಮಗೆ ಕೆಟ್ಟದ್ದು ಮಾಡಲಿಲ್ಲ. ನಮ್ಮನ್ನು ಕಂಡರೇ ಅಂಜುತ್ತಿದ್ದಳು. ಮಧ್ಯಾಹ್ನ ರೊಟ್ಟಿ ಬಡಿಯುತ್ತ ಕುಳಿತವಳು ಇದ್ದಕ್ಕಿದ್ದ ಹಾಗೆ ಎದ್ದು ಹಿತ್ತಲಿಗೆ ಓಡುವಳು. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿರುವುದು. ಊಟ ಬಿಟ್ಟಳು, ಕೈಕಾಲು ಕಡ್ಡಿಯಾದವು. "ಅಕ್ಕ ಬಂದು ಕುಂದ್ರತಾಳ," ಎಂದು ಒಮ್ಮೆ ಅಪ್ಪನ ತಾಯಿಯ ಮುಂದೆ ಬಾಯಿಬಿಟ್ಟಳು. ಅಂದಿನಿಂದ ಮನೆಯಲ್ಲಿ ಅವ್ವನ ಹೆಸರು ಹೇಳುವಂತಿರಲಿಲ್ಲ.

ಮರುವರ್ಷ ಪಂಚಮಿಗೆ ಇನ್ನೂ ಕೆಲವು ದಿನ ಇರುವಾಗಲೇ ಅಪ್ಪ ನಮ್ಮಿಬ್ಬರ ಜೊತೆ ಸಣ್ಣವ್ವನನ್ನೂ ಚಕ್ಕಡಿಗೆ ಹತ್ತಿಸಿದ. ಬ್ರಹ್ಮಪುರ ಮುಟ್ಟಿದಾಗ ನಾವು ಒಳಗೆ ಓಡಿದೆವು. ಸಣ್ಣವ್ವ ಗೋಡೆಗೆ ಒತ್ತಿ ನಿಂತಳು. ಅಪ್ಪ ಹೊಸ್ತಿಲು ದಾಟಲಿಲ್ಲ.

"ಅತ್ತೀ, ಹ್ಯಾಂಗ ಹೇಳ್ಬೇಕೋ ತಿಳಿವಲ್ದರಿ," ಎಂದ.

"ಹೇಳ್ರಿ," ಎಂದಳು ಆಯಿ.

"ಆಕಿ ಈಕಿಗಿ ಕಾಡಾಕತ್ತಾಳ. ಈಕಿ ಉಣ್ಣಂಗಿಲ್ಲ, ಮಲಗಂಗಿಲ್ಲ. ದರ್ಗಾಕ್ಕ ಹೋಗಿ ತಾಯತ ಕಟ್ಟಿಸಿದ್ವಿ, ಏನೂ ಫಾಯದಾ ಆಗ್ಲಿಲ್ಲ. ಕಡೀಕ ಊರ ದೇವರ ಹೇಳಿಕಿ ಕೇಳಿದ್ವಿ." ಅಪ್ಪ ಅಂಗಿಯ ಕಿಸೆಯಿಂದ ಹೊಸ ಬಟ್ಟೆಯಲ್ಲಿ ಸುತ್ತಿದ್ದ ಒಂದು ಗೇಣುದ್ದದ ಕಬ್ಬಿಣದ ಮೊಳೆ ತೆಗೆದ. "ಮಣ್ಣ ಮಾಡಿದ ಜಾಗಾದಾಗ, ತಲಿ ಕಡಿಗಿ, ಇದನ್ನ ಹೊಡೀಬೇಕಂತ. ಹೊಡದ್ರ ಆಕಿ ಏಳಂಗಿಲ್ಲಂತ. ಅದೂ... ಹಡದಾಕಿ ಕೈಲೇ ಹೊಡಸ್ಬೇಕಂತ್ರಿ."

ಅಪ್ಪ ಕೆಟ್ಟವನಲ್ಲ. ನೆಲ ನೋಡುತ್ತಲೇ ಮಾತಾಡಿದ.

ಆಯಿ ಕೈ ಚಾಚಿ ಮೊಳೆ ತೆಗೆದುಕೊಂಡಳು. ಅದರ ತೂಕ ನೋಡುವಂತೆ ಅಂಗೈಯಲ್ಲಿ ಆಡಿಸಿದಳು. "ಹುಡುಗಿನ್ನ ಬಿಟ್ಟು ಹೋಗ್ರಿ," ಎಂದಳು ಅಷ್ಟೇ. ಅಪ್ಪ ಸ್ಟೇಶನ್ ಬಜಾರಿನಲ್ಲಿ ತನ್ನ ಗುರುತಿನ ವ್ಯಾಪಾರಿಯೊಬ್ಬನ ಅಂಗಡಿಯಲ್ಲಿ ಇಳಿದುಕೊಂಡ.

ಮರುದಿನ ಅವನು ನೋಡಲು ಬಂದಾಗ ಆಯಿ ಕಟ್ಟೆಯ ಮೇಲೆ ಕುಳಿತು ಕೊಬ್ಬರಿ ಬಟ್ಟಲಿಗೆ ತೂತು ಹಾಕುತ್ತಿದ್ದಳು. ಪಂಚಮಿಗೆ ಒಣ ಕೊಬ್ಬರಿಯ ಅರ್ಧ ಬಟ್ಟಲಿಗೆ ಎರಡು ತೂತು ಹಾಕಿ, ದಾರ ಪೋಣಿಸಿ, ಎಳೆದು ಬಿಟ್ಟು ಗುಂಯ್ ಎಂದು ತಿರುಗಿಸುವುದು ನಮ್ಮ ಮಕ್ಕಳ ಆಟ. ಆಯಿ ತೂತು ಹಾಕುತ್ತಿದ್ದದ್ದು ಆ ಮೊಳೆಯಿಂದಲೇ.

"ಅತ್ತೀ, ಅದು..." ಎಂದ ಅಪ್ಪ.

"ಮೊಳಿ ಛಲೋ ಅದರಿ. ಬರೋಬ್ಬರಿ ತೂತ ಬೀಳ್ತದ," ಎಂದು ಆಯಿ ಬಟ್ಟಲು ಸಿದ್ದುವಿನ ಕೈಗೆ ಕೊಟ್ಟಳು.

ಅಪ್ಪ ಬಂದ ದಾರಿಯಲ್ಲೇ ತಿರುಗಿ ಹೋದ.

ಸಣ್ಣವ್ವ ಎರಡು ದಿನ ಮೂಲೆ ಬಿಟ್ಟು ಏಳಲಿಲ್ಲ. ಆಯಿ ಅವಳನ್ನು ಕರೆಯಲೂ ಇಲ್ಲ. ಮೂರನೆಯ ದಿನ ನಮ್ಮಿಬ್ಬರನ್ನು ಕೂಡಿಸಿಕೊಂಡು ಚಿಂದಿ ಗೊಂಬೆ ಸುತ್ತಲು ಶುರುಮಾಡಿದಳು. ಸೂಜಿಗೆ ದಾರ ಏರಿಸುವ ಹೊತ್ತಿಗೆ, "ನನ್ನ ಕಣ್ಣ ಮಬ್ಬ ಆಗ್ಯಾವ. ಜರಾ ಪೋಣಿಸಿ ಕೊಡವ್ವ," ಎಂದು ಮೂಲೆಯ ಕಡೆ ಸೂಜಿ ಚಾಚಿದಳು. ಸಣ್ಣವ್ವ ಪೋಣಿಸಿಕೊಟ್ಟಳು. ಮತ್ತೊಂದು, ಮಗದೊಂದು. ಮಧ್ಯಾಹ್ನದ ಹೊತ್ತಿಗೆ ಚಾಪೆಯ ಅಂಚಿಗೆ ಬಂದಿದ್ದಳು. ಅವಳೂ ಗೊಂಬೆಯಾಡುವ ವಯಸ್ಸು ದಾಟಿ ಎಷ್ಟು ದಿನವಾಗಿತ್ತು? ಒಂದು ಚಿಂದಿ ಎಳೆದುಕೊಂಡು ಸುತ್ತತೊಡಗಿದಳು.

ಆಗ ಆಯಿ ತಲೆ ಎತ್ತದೆ ಕೇಳಿದಳು: "ಆಕಿ ಬಂದಾಗ ಹ್ಯಾಂಗ ಕಾಣಸ್ತಾಳವ್ವ?"

ಸಣ್ಣವ್ವನ ಕೈ ನಿಂತಿತು.

"ಅಂಜಬ್ಯಾಡ. ನಾ ಬೈಯಂಗಿಲ್ಲ. ಸೊರಗ್ಯಾಳೇನು?"

"ಇಲ್ಲ."

"ತಲಿ ಬಾಚ್ಕೊಂಡಿರ್ತಾಳ?"

"ಬಿಚ್ಚಿರ್ತದ. ಹಸಿ ಇರ್ತದ. ಈಗೇ ಎರಕೊಂಡು ಬಂದಾಂಗ."

"ಯಾವ ಸೀರಿ?"

"ಹಸರಂದು. ಕೆಂಪ ದಡಿ."

ಆಯಿಯ ಸೂಜಿ ಬೆರಳಿಗೆ ಚುಚ್ಚಿತು. ರಕ್ತ ಬರುವವರೆಗೂ ಅವಳಿಗೆ ಗೊತ್ತಾಗಲಿಲ್ಲ. ಅವ್ವನ ಕೊನೆಯ ಪಂಚಮಿಗೆ ಆಯಿ ಉಡಿಸಿ ಕಳಿಸಿದ ಸೀರೆ ಅದು. ಅದರಲ್ಲೇ ಅವ್ವನನ್ನು ಮಣ್ಣು ಮಾಡಿದ್ದರು. ಸಣ್ಣವ್ವ ಅದನ್ನು ಕಂಡಿರಲು ದಾರಿಯೇ ಇರಲಿಲ್ಲ. ಯಾರಾದರೂ ಹೇಳಿದ್ದರೇ? ಇರಬಹುದು. ಈ ವಯಸ್ಸಿನಲ್ಲೂ ನನಗೆ ತಿಳಿಯದು.

"ಏನ ಮಾಡ್ತಾಳ ಬಂದು?"

"ಏನೂ ಮಾಡಂಗಿಲ್ಲ. ನಾ ರೊಟ್ಟಿ ಬಡಿಯೂಮುಂದ ಬಾಜೂಕ ಕುಂದ್ರತಾಳ. ನನ್ನ ಕೈ ನೋಡ್ತಾಳ. ಆಮ್ಯಾಲ..." ಸಣ್ಣವ್ವ ಚಿಂದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಆಮ್ಯಾಲ ಬಾಗಲ ಕಡೀ ನೋಡ್ಕೋತ ಕುಂದ್ರತಾಳ."

"ಬಾಗಲ ಕಡೀ," ಎಂದಳು ಆಯಿ. ಸೆರಗು ಬಾಯಿಗೆ ಹೋಯಿತು. ಆಮೇಲೆ, ತನಗೆ ತಾನೇ ಎನ್ನುವಂತೆ, "ಹಾದಿ ನೋಡಾಕತ್ತಾಳ. ಹ್ವಾದ ವರ್ಷ ಯಾರೂ ಕರೀಲಾಕ ಹೋಗ್ಲಿಲ್ಲ. ಸತ್ತಾಳ ಅಂತ ನಾ ಸುಮ್ಮ ಕುಂತೆ. ಆಕಿಗೇನ ಗೊತ್ತು ಸತ್ತೀನಂತ?" ಎಂದಳು.

"ನನಗ್ಯಾಕ ಕಾಣಸಂಗಿಲ್ಲ ಅವ್ವ?" ಎಂದು ನಾನು ಕೇಳಿದೆ. ಆಯಿ ನನ್ನ ಕೈಗೆ ಇನ್ನೊಂದು ಚಿಂದಿ ಕೊಟ್ಟಳು.

ಅಂದು ಸಂಜೆ ಆಯಿ ತನ್ನ ಪೆಟ್ಟಿಗೆಯಿಂದ ಅವ್ವ ಮದುವೆಗೆ ಮುಂಚೆ ಉಡುತ್ತಿದ್ದ ಒಂದು ಪರಕಾರ, ಅಂದರೆ ಲಂಗ, ತೆಗೆದಳು. ಅದನ್ನು ಹರಿದು ಒಂದು ದೊಡ್ಡ ಗೊಂಬೆ ಮಾಡತೊಡಗಿದೆವು. ನಾನು ದಿಂಬಿನಿಂದ ಅರಳೆ ತೆಗೆದು ತುಂಬಿದೆ. ಸಿದ್ದು ಊರಿಂದ ಆಟಕ್ಕೆಂದು ತಂದಿದ್ದ ಬಾಳೆಯ ನಾರನ್ನು ಕೊಟ್ಟ, ಅದು ಕೂದಲಾಯಿತು. ಮುಖಕ್ಕೆ ಬಂದಾಗ ಆಯಿ ಗೊಂಬೆಯನ್ನು ಸಣ್ಣವ್ವನ ತೊಡೆಯ ಮೇಲಿಟ್ಟಳು.

"ನಾ ಒಲ್ಲೆರಿ," ಎಂದಳು ಸಣ್ಣವ್ವ, ಅಳುತ್ತ.

"ನೀನ ಹೊಲೀಬೇಕು. ನೀ ಕಂಡೀದಿ. ನಾವ್ಯಾರೂ ಕಂಡಿಲ್ಲ."

ಸಣ್ಣವ್ವ ಅಳುತ್ತಲೇ ಹೊಲಿದಳು. ಕಣ್ಣು ಒಂದು ಮೇಲೆ, ಒಂದು ಕೆಳಗೆ ಆಯಿತು. ಬಾಯಿಗೆ ಕೆಂಪು ದಾರದ ಎರಡು ಹೊಲಿಗೆ. ನೋಡಿದರೆ ಅವ್ವನ ಹಾಗೆ ಏನೂ ಇರಲಿಲ್ಲ. ಆಯಿ ಮಾತ್ರ ನೋಡಿ ತಲೆಯಾಡಿಸಿದಳು. ಸಿದ್ದು ಅಷ್ಟರಲ್ಲಿ ದಂಟಿನ ಬಂಡಿಯೊಂದನ್ನು ಮಾಡಿದ್ದ. "ಅವ್ವ ಕುಂದ್ರಾಕ," ಎಂದ.

ಮರುದಿನ ಬೆಳಿಗ್ಗೆ ಅಪ್ಪ ಬಂದಾಗ ಆಯಿ ಹೊರಟು ನಿಂತಿದ್ದಳು. "ಚಕ್ಕಡಿ ಕಟ್ರಿ. ಮಗಳನ್ನ ಪಂಚಮಿಗಿ ಕರೀಲಾಕ ಹೋಗ್ಬೇಕು," ಎಂದಳು. ಅಪ್ಪ ಅವಳ ಮುಖ ನೋಡಿದ. ಎತ್ತು ಹೂಡಿದ.

ದಾರಿಯುದ್ದಕ್ಕೂ ಸಣ್ಣ ಮಳೆ. ಕಪ್ಪು ನೆಲ ಮುಗಿದು ಕೆಂಪು ನೆಲ ಬರುವಾಗ ಆಯಿ ಚಕ್ಕಡಿಯಿಂದ ಕೈ ಹೊರಗೆ ಚಾಚಿ ಮಳೆ ಹಿಡಿದಳು. ಸಂಜೆ ಬೆಳಕಿರುವಾಗಲೇ ಹೊಲ ಮುಟ್ಟಿದೆವು. ಬದುವಿನ ಮೇಲೆ ಅವ್ವನ ಗುರುತಿಗೆ ಒಂದು ಕಲ್ಲು. ಬಾಳೆ ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮೊಳೆ ಹೊಡೆಯುತ್ತಾರೆಂದು ಕೇಳಿದ್ದ ಅಪ್ಪನ ತಾಯಿಯೂ ಮನೆಯಿಂದ ಬಂದು ದೂರ ನಿಂತಿದ್ದಳು.

ಆಯಿ ಗೊಂಬೆಯನ್ನು ಕಲ್ಲಿಗೆ ಒರಗಿಸಿ ಕೂಡಿಸಿದಳು. ಹೆಣ್ಣುಮಗಳನ್ನು ಕರೆದೊಯ್ಯುವಾಗ ಉಡಿ ತುಂಬಬೇಕು. ಕುಪ್ಪಸದ ಬಟ್ಟೆ, ಅಕ್ಕಿ, ಕೊಬ್ಬರಿ ಬಟ್ಟಲು ಎಲ್ಲ ಆಯಿ ತಂದಿದ್ದಳು. ಆದರೆ ವಿಧವೆ ಉಡಿ ತುಂಬುವಂತಿಲ್ಲ. ತಟ್ಟೆಯನ್ನು ಸಣ್ಣವ್ವನ ಕೈಗೆ ಕೊಟ್ಟಳು.

"ನಾನಾ?"

"ಮುತ್ತೈದಿ ನೀನ ಇದ್ದೀದಿ. ತುಂಬಿ ಕರೀ."

ಸಣ್ಣವ್ವ ತುಂಬುವಾಗ ಅಕ್ಕಿ ಅರ್ಧ ನೆಲಕ್ಕೆ ಬಿತ್ತು. ಗೊಂಬೆಯ ಮಡಿಲಲ್ಲಿ ಕೊಬ್ಬರಿ ಇಟ್ಟಳು. ಆಯಿ ಅವಳ ಬೆನ್ನ ಮೇಲೆ ಕೈ ಇಟ್ಟಳು. ಆಮೇಲೆ ಸಣ್ಣವ್ವ ಹೇಳಿದಳು: "ಅಕ್ಕಾ, ಏಳು. ನಿಮ್ಮವ್ವ ಕರೀಲಾಕ ಬಂದಾಳ."

ಬಾಳೆಯ ಎಲೆಯೊಂದು ಮೇಲಿಂದ ಕೆಳಗಿನವರೆಗೆ ಸೀಳಿದ ಸದ್ದು ಕೇಳಿಸಿತು. ಗಾಳಿ ಇರಲಿಲ್ಲ ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ಮಳೆಯಿತ್ತು, ಎಲೆ ತೊಯ್ದು ಭಾರವಾಗಿರಬೇಕು ಎಂದು ನಾನು ಅಂದುಕೊಳ್ಳುತ್ತೇನೆ.

ಆಯಿ ಗೊಂಬೆಯನ್ನು ಎತ್ತಿ ಸೊಂಟಕ್ಕೇರಿಸಿಕೊಂಡು ಹೊರಟಾಗ ಅಪ್ಪನ ತಾಯಿ ಎದುರಾದಳು. ಎಷ್ಟೋ ವರ್ಷ ಸೊಸೆಯನ್ನು ತವರಿಗೆ ಕಳಿಸುವಾಗ ಕೇಳಿ ರೂಢಿಯಾಗಿದ್ದ ಮಾತು ಅವಳ ಬಾಯಿಂದ ತಾನಾಗಿ ಬಂತು: "ತಿರುಗಿ ಯಾವಾಗ ಕಳಸ್ತೀರಿ?"

ಕೇಳಿ ತಾನೇ ಗಾಬರಿಯಾದಳು.

"ಕಳಸಂಗಿಲ್ಲರಿ," ಎಂದಳು ಆಯಿ. "ಇನ್ನ ಮ್ಯಾಲ ನಮ್ಮಲ್ಲೇ ಇರ್ತಾಳ."

ಆ ರಾತ್ರಿ ಆಯಿ ಅಳಿಯನ ಮನೆಯಲ್ಲಿ ಒಂದು ಹನಿ ನೀರೂ ಮುಟ್ಟಲಿಲ್ಲ. ಬೆಳಗಾಗುವುದೇ ತಡ, ನಾವೆಲ್ಲ ತಿರುಗಿ ಹೊರಟೆವು. ಚಕ್ಕಡಿಯಲ್ಲಿ ಗೊಂಬೆಗೆ ಬೇರೆಯೇ ಜಾಗ. ಸಣ್ಣವ್ವ ಆಯಿಯ ತೊಡೆಯ ಮೇಲೆ ತಲೆಯಿಟ್ಟು ಕಲಬುರಗಿ ಬರುವವರೆಗೆ ನಿದ್ದೆ ಮಾಡಿದಳು. ಅಂಥ ನಿದ್ದೆಯನ್ನು ನಾನು ಕಂಡಿರಲಿಲ್ಲ. ಬಾಯಿ ತೆರೆದು, ಮಗುವಿನ ಹಾಗೆ.

ಆಮೇಲೆ ಅವ್ವ ಕಮಲಾಪುರದಲ್ಲಿ ಯಾರಿಗೂ ಕಾಣಿಸಲಿಲ್ಲ. ಸಣ್ಣವ್ವ ಉಂಡಳು, ಮೈ ಕೈ ತುಂಬಿಕೊಂಡಳು, ಕಾಲ ಬಂದಾಗ ಮಕ್ಕಳನ್ನು ಹೆತ್ತಳು. ಪ್ರತಿ ಪಂಚಮಿಗೆ ಅವಳನ್ನೂ ನಮ್ಮನ್ನೂ ಕರೆಯಲು ಬ್ರಹ್ಮಪುರದಿಂದ ಚಕ್ಕಡಿ ಬರತೊಡಗಿತು. ಸಣ್ಣವ್ವನಿಗೂ ಅದೇ ತವರಾಯಿತು. ಅವಳ ಮಕ್ಕಳಿಗೂ ಆಯಿ ದಂಟಿನ ಎತ್ತು ಮಾಡಿದಳು, ಕೋಡು ಬಿಟ್ಟು.

ಆದರೆ ಬ್ರಹ್ಮಪುರದಲ್ಲಿ ಬೇರೆಯದೇ ಶುರುವಾಗಿತ್ತು. ಮಧ್ಯಾಹ್ನ ಹೊಲಿಯಲು ಕುಳಿತಾಗ ಆಯಿ ಚಾಪೆಯ ಒಂದು ಬದಿಯನ್ನು ಖಾಲಿ ಬಿಡುತ್ತಿದ್ದಳು. ಆ ಕಡೆ ತಿರುಗಿ, "ಕತ್ರಿ ಎಲ್ಲಿಟ್ಟಿ?" ಎನ್ನುವಳು. "ಈ ಬಣ್ಣ ಹೊಂದ್ತದೇನು?" ಎನ್ನುವಳು. ಓಣಿಯವರು ಕಿಟಕಿಯಿಂದ ನೋಡಿದರು. ಮುದುಕಿ ಮಗಳ ದೆವ್ವವನ್ನು ಮನೆಗೆ ತಂದು ಇಟ್ಟುಕೊಂಡಿದ್ದಾಳೆ ಎಂದು ಸುದ್ದಿಯಾಯಿತು. ಬಾಣಂತಿಯರ ಮನೆಯವರು ಮೊದಲು ಕೌದಿಗೆ ಬಟ್ಟೆ ಕೊಡುವುದನ್ನು ಬಿಟ್ಟರು, ಆಮೇಲೆ ಉಳಿದವರು. ಗೊಂಬೆ ಕಲಿಯಲು ಬರುತ್ತಿದ್ದ ಓಣಿಯ ಮಕ್ಕಳನ್ನು ತಾಯಂದಿರು ತಡೆದರು. ಮನೆಯ ಸೊಸೆಯಂದಿರೂ ಆ ಕೋಣೆಯ ಮುಂದೆ ಬೇಗ ಬೇಗ ದಾಟುತ್ತಿದ್ದರು. ಆಯಿ ಯಾರಿಗೂ ಏನೂ ಹೇಳಲಿಲ್ಲ. ಹೊಲಿಯಲು ಬಟ್ಟೆ ಇಲ್ಲದಾಗ ಹೊಲಿದದ್ದನ್ನೇ ಬಿಚ್ಚಿ ಹೊಲಿಯುತ್ತಿದ್ದಳು.

ನನಗೆ ಅಸೂಯೆ. ಅವ್ವ ಸಣ್ಣವ್ವನಿಗೆ ಕಂಡಳು, ಈಗ ಆಯಿಗೆ ಕಾಣುತ್ತಾಳೆ, ನನಗೆ ಮಾತ್ರ ಇಲ್ಲ. ಪಂಚಮಿಗೆ ಹೋದಾಗ ಆಯಿ ಎದ್ದು ಆಚೆ ಹೋಗುವುದನ್ನೇ ಕಾದು, ಚಾಪೆಯ ಆ ಖಾಲಿ ಜಾಗದ ಮೇಲೆ ಕೈಯಾಡಿಸುತ್ತಿದ್ದೆ. ಬೆಚ್ಚಗಿದೆಯೇ ಎಂದು ನೋಡುತ್ತಿದ್ದೆ.

ನನ್ನ ಮದುವೆ ಗೊತ್ತಾದ ವರ್ಷ ಧೈರ್ಯ ಮಾಡಿ ಕೇಳಿಯೇ ಬಿಟ್ಟೆ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. "ಆಯಿ, ಅವ್ವ ಈಗ ಇಲ್ಲಿ ಕುಂತಾಳೇನು?"

ಆಯಿ ಕನ್ನಡಕವಿಲ್ಲದ ಮಬ್ಬು ಕಣ್ಣಿನಿಂದ ನನ್ನನ್ನು ನೋಡಿದಳು. ಎದ್ದು ಬಾಗಿಲು ಮುಂದೆ ಮಾಡಿ ಬಂದು ಕುಳಿತಳು.

"ಇಲ್ಲವ್ವ," ಎಂದಳು. "ಒಮ್ಮೀನೂ ಕಂಡಿಲ್ಲ."

"ಮತ್ತ ದಿನಾ ಮಾತಾಡ್ತೀದಿ?"

"ಮಾತಾಡ್ತೀನಿ. ದಿನಾ ಕೇಳ್ತೀನಿ. ಒಂದಿನಾನೂ ಓ ಅಂದಿಲ್ಲ." ಸೂಜಿಯನ್ನು ಬಟ್ಟೆಗೆ ಚುಚ್ಚಿ ಕೈಬಿಟ್ಟಳು. "ಇಲ್ಲಿ ಇದ್ದಾಳ ಅಂತ ನಾಕ ಮಂದಿ ಅನ್ಬೇಕು, ಆ ಸುದ್ದಿ ಕಮಲಾಪುರಕ್ಕ ಮುಟ್ಟಬೇಕು. ಆವಾಗ ಆ ಹುಡುಗಿ ರೊಟ್ಟಿ ಉಣ್ತಾಳ. ಇಲ್ಲಂದ್ರ ಮತ್ತ ಬಾಜೂಕ ನೋಡಾಕ ಶುರು ಮಾಡ್ತಾಳ."

ಆಯಿ ಮುಂದುವರಿಸಿದಳು.

"ಖರೇ ಹೇಳ್ಲೇನು? ಆವತ್ತ ಆಕಿ ಹಸರ ಸೀರಿ ಅಂದಾಗ ನನಗ ಸಿಟ್ಟ ಬಂದಿತ್ತು, ಆ ಹುಡುಗಿ ಮ್ಯಾಲ. ಹಡದಾಕಿ ನಾ. ನಾ ಹಾದಿ ನೋಡ್ಕೋತ ಕುಂತೀನಿ. ನನ್ನ ಬಿಟ್ಟು ಯಾರದೋ ಮಗಳ ಮುಂದ ಹೋಗಿ ಕುಂದ್ರತಾಳಲ್ಲ ಅಂತ." ಸೆರಗು ಬಾಯಿಗೆ ಹೋಯಿತು. ಅಂದು ಮಾತ್ರ ನಾನು ಹತ್ತಿರದಲ್ಲೇ ಇದ್ದೆ. ಅವಳು ನಗುತ್ತಿರಲಿಲ್ಲ.

"ಸಣ್ಣವ್ವಗ ಹೇಳಬ್ಯಾಡ," ಎಂದಳು ಕೊನೆಗೆ.

ನಾನು ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ, ಸಿದ್ದುವಿಗೂ ಹೇಳಲಿಲ್ಲ.

ಆಯಿ ಬಹಳ ವರ್ಷ ಬದುಕಿದಳು. ಅಷ್ಟರಲ್ಲಿ ಗೊಂಬೆಯನ್ನು ಇಲಿ ಕಡಿದು ಅರಳೆಯೆಲ್ಲ ಚೆಲ್ಲಿಹೋಗಿತ್ತು. ಅಪ್ಪ ತೀರಿಕೊಂಡಿದ್ದ. ಕಣ್ಣು ಪೂರ್ತಿ ಹೋದ ಮೇಲೂ ಆಯಿ ಚಾಪೆಯ ಆ ಬದಿಗೆ ತಿರುಗಿ ಎರಡು ಮಾತಾಡುವುದನ್ನು ಬಿಡಲಿಲ್ಲ. ಒಂದು ಚಳಿಗಾಲದ ಬೆಳಿಗ್ಗೆ ಕುಳಿತಲ್ಲೇ ಹೋದಳು. ಸುದ್ದಿ ಮುಟ್ಟಿ ನಾನು ಬಂದಾಗ ಸಣ್ಣವ್ವ ಆಗಲೇ ಸಿದ್ದುವಿನ ಜೊತೆ ಬಂದಿದ್ದಳು. ಅವಳ ತಲೆಯಲ್ಲೂ ನರೆ ಬಂದಿತ್ತು. ಹೆತ್ತ ಮಗಳು ಅಳುವ ಹಾಗೆ ಅತ್ತಳು.

ಎಲ್ಲ ಕಾರ್ಯ ಮುಗಿದ ಮೇಲೆ ನಾವು ಮೂವರೂ ಕಮಲಾಪುರಕ್ಕೆ ಹೊರಟೆವು. ನಾನು ನಾಲ್ಕು ದಿನ ತಮ್ಮನ ಮನೆಯಲ್ಲಿ ಇದ್ದು ಬರುವವಳಿದ್ದೆ. ಆಗ ಆ ದಾರಿಯಲ್ಲಿ ಮೋಟಾರು ಓಡಾಡಲು ಶುರುವಾಗಿತ್ತು. ಬ್ರಹ್ಮಪುರದ ಮನೆಯ ಹೊಸ್ತಿಲು ಇಳಿದ ಸಣ್ಣವ್ವ ಎರಡು ಹೆಜ್ಜೆ ನಡೆದು ನಿಂತಳು. ತಿರುಗಿ ಒಳಗೆ ಹೋದಳು. ಏನೋ ಮರೆತಿರಬೇಕೆಂದು ನಾನೂ ಹಿಂದೆ ಹೋದೆ. ಅವಳು ಆಯಿಯ ಕೋಣೆಯ ಬಾಗಿಲಲ್ಲಿ ನಿಂತು ಖಾಲಿ ಚಾಪೆಯನ್ನು ನೋಡುತ್ತಿದ್ದಳು.

"ಅಕ್ಕಾ, ಬಾ," ಎಂದಳು. "ಇಲ್ಲಿ ಇನ್ನ ಯಾರಿದ್ದಾರ ನಿನಗ? ನಮ್ಮ ಮನಿಗೇ ಹೋಗೂಣು ನಡೀ."

ಆಯಿ ಹೇಳಿದ್ದು ನನ್ನ ಬಾಯಿಯವರೆಗೆ ಬಂತು. ನುಂಗಿಕೊಂಡೆ.

ಮೋಟಾರಿನಲ್ಲಿ ಜನವೋ ಜನ. ಸಿದ್ದು ಮುಂದೆ ಎಲ್ಲೋ ಜಾಗ ಹಿಡಿದ. ನಮಗೆ ಹಿಂದಿನ ಸೀಟು ಸಿಕ್ಕಿತು. ಸಣ್ಣವ್ವ ಕಿಟಕಿಯ ಕಡೆ ಕುಳಿತು, ನನ್ನನ್ನು ಅಂಚಿಗೆ ಸರಿಸಿ, ನಮ್ಮಿಬ್ಬರ ನಡುವೆ ತನ್ನ ಸೆರಗಿನ ತುದಿ ಹಾಸಿದಳು. ಕಂಡಕ್ಟರ್ ಒಬ್ಬ ಮುದುಕನನ್ನು ಕರೆತಂದು ಬಗ್ಗಿ ನೋಡಿದ. "ಜರಾ ಸರಕೋ ಅಮ್ಮಾ, ಜಗಾ ದೇವ್," ಎಂದು ಸರಿದು ಜಾಗ ಕೊಡಲು ಹೇಳಿದ.

"ಇಲ್ಲಿ ಮಂದಿ ಕುಂತಾರ್ರೀ," ಎಂದಳು ಸಣ್ಣವ್ವ.

ಅವನು ಖಾಲಿ ಜಾಗ ನೋಡಿದ. ಸಣ್ಣವ್ವನ ಮುಖ ನೋಡಿದ. ಆಮೇಲೆ, ಈ ಹೆಂಗಸಿಗೆ ಏನಾಗಿದೆ ಎಂದು ಕೇಳುವಂತೆ, ನನ್ನ ಕಡೆ ತಿರುಗಿದ.

"ಹೌದ್ರೀ," ಎಂದೆ ನಾನು. "ನಮ್ಮ ಅವ್ವ ಕುಂತಾಳ."